ತನಿಯ ಹೊತ್ತಿನ ಕಾಫಿ

ಭಾನುವಾರ, ಏಪ್ರಿಲ್ 6, 1997

ಬೆಳಗಿನ ಕಾಫಿ ಇನ್ನೂ ಅರ್ಧ ಲೋಟ ಉಳಿದಿತ್ತು, ಪಂಚಾಕ್ಷರಯ್ಯನವರು ಬಂದರು. ನಮ್ಮ ಸಂಗೀತ ಸಭೆಯ ಕಾರ್ಯದರ್ಶಿಗಳು ಭಾನುವಾರ ಬೆಳಿಗ್ಗೆ ಮನೆಗೆ ಬಂದರೆಂದರೆ ಯಾವುದೋ ಕೆಲಸವನ್ನು ನನ್ನ ತಲೆಗೆ ಕಟ್ಟುವುದಕ್ಕೇ. ಅದಕ್ಕೇ ನಾನೇ ಮೊದಲು ಬಾಯಿ ತೆರೆದೆ. "ಈ ರಾಮನವಮಿಗೂ ಕಾಫಿ ಕೌಂಟರ್ ನಾನೇ ನೋಡ್ಕೋತೀನಿ. ಅದು ಬಿಟ್ಟು ಬೇರೆ ಏನೂ ಕೇಳ್ಬೇಡಿ."

ಕೇಳಿದರು. ಹೋದ ವರ್ಷ ವಂದನಾರ್ಪಣೆಗೆಂದು ವೇದಿಕೆ ಹತ್ತಿ ಪೆಂಡಾಲಿನ ಕಡೆ ನೋಡಿದಾಗ ಅವರಿಗೆ ಕಂಡಿದ್ದು ಬರೀ ಬಿಳಿ ತಲೆಗಳಂತೆ. ಮಿಕ್ಕವು ಬೋಳು. "ಹೀಗೇ ಆದ್ರೆ ಇನ್ನು ಸ್ವಲ್ಪ ವರ್ಷಕ್ಕೆ ಖಾಲಿ ಕುರ್ಚಿಗಳಿಗೆ ಕಚೇರಿ ಮಾಡಿಸ್ಬೇಕಾಗತ್ತೆ ಮೇಡಂ" ಎಂದರು. ಅದಕ್ಕೆ ಅವರು ಕಂಡುಹಿಡಿದ ಉಪಾಯವೆಂದರೆ ಒಂದು ಜಮಖಾನ. ಮೊದಲ ಸಾಲಿನ ಕುರ್ಚಿಗಳ ಮುಂದೆ ಅದನ್ನು ಹಾಸುವುದು, ಸುತ್ತಮುತ್ತಲ ಮನೆಗಳ ಮಕ್ಕಳನ್ನು ದೊಡ್ಡವರ ಜೊತೆ ಕರೆಸಿ ಕೂರಿಸುವುದು, ಕಚೇರಿ ಕೇಳುವುದು ಹೇಗೆಂದು ಆ ಮನೆಯವರಿಗೆಲ್ಲ ಹೇಳಿಕೊಡುವುದು. ಹೇಳಿಕೊಡಬೇಕಾದವಳು ನಾನು.

"ಶಾಲೇಲಿ ಮಕ್ಕಳನ್ನ ನೋಡಿ ನೋಡಿ ಸಾಕಾಗಿದೆ" ಎಂದೆ.

"ಅದಕ್ಕೇ ನೀವೇ ಆಗ್ಬೇಕು. ನೀವು ಕಣ್ಣು ಬಿಟ್ರೆ ಸಾಕು, ಎಲ್ಲಾ ಗಪ್‌ಚುಪ್."

ಇದಕ್ಕೆ ಶೀನಣ್ಣನವರ ಒಪ್ಪಿಗೆ ಇದೆಯೇ ಎಂದು ಕೇಳಿದೆ. ಮೊದಲ ಸಾಲಿನ ನಡುವಿನ ಕುರ್ಚಿ ಅವರದು. ಸಭೆ ಕಟ್ಟಿದವರಲ್ಲಿ ಉಳಿದಿರುವುದು ಅವರೊಬ್ಬರೇ. ಅವರು ಕುಳಿತರೆ ಎಲ್ಲರೂ ಕೂರುತ್ತಾರೆ, ಎದ್ದರೆ ಎಲ್ಲರೂ ಏಳುತ್ತಾರೆ. ಹೋದ ವರ್ಷ ಆಲಾಪನೆಯ ಮಧ್ಯೆ ಯಾವುದೋ ಮಗು ಕಿರುಚಿತೆಂದು ಕೋಲು ಊರಿಕೊಂಡು ಮನೆಗೇ ಹೊರಟುಹೋಗಿದ್ದರು. ಪಂಚಾಕ್ಷರಯ್ಯ ಕತ್ತು ತುರಿಸಿಕೊಂಡರು. ಒಪ್ಪಿಗೆ ಇದೆ, ಆದರೆ ಷರತ್ತಿನ ಮೇಲೆ. ಒಂದು ಸಲ ಗಲಾಟೆಯಾದರೂ ಜಮಖಾನ ಸುತ್ತಿ ಒಳಗಿಡಬೇಕು, ಶೀನಣ್ಣ ಇರುವತನಕ ಮತ್ತೆ ಬಿಚ್ಚಬಾರದು.

ನಿಜ ಹೇಳಬೇಕೆಂದರೆ ನಾನು ಶೀನಣ್ಣನವರ ಪಕ್ಷ. ಕಚೇರಿ ಮಕ್ಕಳಾಟವಲ್ಲ. ಆದರೂ ಹೂಂ ಎಂದೆ. ಸಂಜೆ ಆರು ಗಂಟೆ ಹೊಡೆದ ಮೇಲೆ ಈ ಮನೆಯಲ್ಲಿ ಒಬ್ಬಳೇ ಕೂರಲಾಗುವುದಿಲ್ಲ. ನಮ್ಮನೆಯವರು ತೀರಿಕೊಂಡ ಮೇಲೆ ಬೆಳಗು, ಮಧ್ಯಾಹ್ನ ಹೇಗೋ ಸರಿಯುತ್ತವೆ. ಆಫೀಸಿನಿಂದ ಬಂದು ಕೈಕಾಲು ತೊಳೆದು ಅವರು ಘಟ ಎತ್ತಿಕೊಳ್ಳುತ್ತಿದ್ದ ಹೊತ್ತು ಮಾತ್ರ ಸರಿಯುವುದಿಲ್ಲ.

ಹೊರಡುವಾಗ ಪಂಚಾಕ್ಷರಯ್ಯ ಅಟ್ಟದ ಕಡೆ ನೋಡಿ, "ಸಂಕರ್ಷಣ ಅವರ ಘಟ ಅಲ್ಲೇ ಇದೆಯಾ? ಮಕ್ಕಳಿಗೆ ತೋರಿಸ್ಬೋದಿತ್ತು" ಎಂದರು. ಇಳಿಸುವುದಕ್ಕೆ ಏಣಿ ಇಲ್ಲ ಎಂದೆ. ಏಣಿ ಬಚ್ಚಲುಮನೆಯ ಹಿಂದೆ ಇದೆ.

ಗುರುವಾರ, ಏಪ್ರಿಲ್ 10

ಇವತ್ತು ನಮ್ಮ ನಡುಮನೆಯಲ್ಲಿ ಪಾಠ. ಐದಾರು ಮನೆಯವರು ಬಂದಿದ್ದರು. ಪಕ್ಕದ ಮನೆಯ ದೀಪ್ತಿ ಬ್ಯಾಂಕಿನಿಂದ ನೇರವಾಗಿ ಬಂದು ಮಗ ಕಶ್ಯಪ್‌ನನ್ನು ನನ್ನ ಮುಂದೆ ನಿಲ್ಲಿಸಿದಳು. "ಟೀವಿ ಮುಂದಿಂದ ಏಳ್ತಾನೇ ಇಲ್ಲ ಆಂಟಿ. ಏನಾದ್ರೂ ಮಾಡಿ." ನನ್ನನ್ನೇನು ಮಂತ್ರವಾದಿ ಎಂದುಕೊಂಡಿದ್ದಾಳೋ.

ಕೊನೆಗೆ ಬಂದವರು ವೇಣುಗೋಪಾಲ್ ಎಂಬುವರು. ಕಲಾಸಿಪಾಳ್ಯದಲ್ಲಿ ತರಕಾರಿ ಮಂಡಿ ಇದೆಯಂತೆ, ಹೋದ ವರ್ಷ ನಮ್ಮ ಹಿಂದಿನ ರಸ್ತೆಯಲ್ಲಿ ಮನೆ ಕಟ್ಟಿಸಿದ್ದಾರೆ. ಜೊತೆಗೆ ತಾಯಿ ಸುಬ್ಬಮ್ಮ, ಎರಡು ಜಡೆಯ ಮಗಳು. ಕೈಯಲ್ಲಿ ಒಂದು ಚೀಲ ಎಳೇ ಹುರುಳಿಕಾಯಿ. ಬಾಗಿಲಲ್ಲೇ ನಿಂತಿದ್ದವರನ್ನು ಒಳಗೆ ಕರೆದೆ.

"ಚಿಕ್ಕೋನಿದ್ದಾಗಿಂದ ನಿಮ್ಮ ಪೆಂಡಾಲ್ ಮುಂದೇನೇ ಗಾಡಿ ತಗೊಂಡು ಓಡಾಡಿದೀನಿ ಮೇಡಂ. ಹಾಡು ಕೇಳಿಸೋದು, ನಿಂತ್ಕೊಳ್ತಿದ್ದೆ. ಒಳಗೆ ಬರ್ಬೋದು ಅಂತ ಗೊತ್ತಿರ್ಲಿಲ್ಲ" ಎಂದರು.

"ಬಾಗಿಲಲ್ಲಿ ಯಾರೂ ತಡೆಯಲ್ವಲ್ಲ!"

"ತಡೆಯಲ್ಲ. ಬನ್ನಿ ಅಂತಾನೂ ಯಾರೂ ಅಂದಿರ್ಲಿಲ್ಲ."

ಹುರುಳಿಕಾಯಿ ಚೀಲ ಒಳಗಿಟ್ಟು ಬಂದು ಪಾಠ ಶುರುಮಾಡಿದೆ. ಶ್ರುತಿ ಎಂದರೇನು, ರಾಗ ಎಂದರೇನು, ಆರೋಹಣ ಅವರೋಹಣ ಎಂದರೇನು. ರಾತ್ರಿಯೆಲ್ಲ ಕೂತು ಟಿಪ್ಪಣಿ ಮಾಡಿಕೊಂಡಿದ್ದೆ. ರಾಗಕ್ಕೆ ಬರುವಷ್ಟರಲ್ಲಿ ಕಶ್ಯಪ್ ನೆಲದ ಮೇಲೆ ಅಂಗಾತ ಮಲಗಿ ಫ್ಯಾನು ನೋಡುತ್ತಿದ್ದ. ದೀಪ್ತಿ ಅವನ ತೊಡೆ ಚಿವುಟಿದಳು. ಆಮೇಲೆ ನಿಯಮಗಳನ್ನು ಹೇಳಿದೆ. ಮಾತಾಡಬಾರದು, ತಿನ್ನಬಾರದು, ಹಿಂದೆ ತಿರುಗಬಾರದು, ವೇದಿಕೆಯ ಕಡೆ ಕಾಲು ಚಾಚಬಾರದು.

ಮಂಡಿಯವರ ಮಗಳು ಕೈ ಎತ್ತಿದಳು. "ಅಜ್ಜಿ, ಮಧ್ಯೆ ಎದ್ದೇಳ್ಬೋದಾ?"

"ತನಿ ಬಂದಾಗ ಏಳ್ಬೋದು" ಎಂದೆ. ತನಿ ಎಂದರೇನೆಂದು ಯಾರಿಗೂ ತಿಳಿಯದೆ ಹಾಗೇ ಬಾಯಿ ಬಿಟ್ಟುಕೊಂಡು ನೋಡಿದರು. "ಕಚೇರಿ ಮಧ್ಯೆ ಹಾಡೋರು ನಿಲ್ಲಿಸಿ, ಮೃದಂಗ, ಘಟದವರಿಗೇ ಬಿಟ್ಟುಕೊಡ್ತಾರೆ. ಅವರಿಬ್ಬರೇ ಬಾರಿಸ್ತಾರೆ. ಆಗ ದೊಡ್ಡೋರೆಲ್ಲ ಏಳ್ತಾರೆ. ನೀವೂ ಎದ್ದು ನನ್ನ ಹತ್ತಿರ ಬನ್ನಿ, ಬಿಸಿ ಬಿಸಿ ಬೋಂಡಾ ಕೊಡ್ತೀನಿ."

ಪಾಠದಲ್ಲಿ ಮಕ್ಕಳ ತಲೆಗೆ ಹೋದದ್ದು ಅದೊಂದೇ. ಇರಲಿ. ಈ ಊರಿನಲ್ಲಿ ಕಚೇರಿ ಕೇಳಿ ಬೆಳೆದವರಿಗೆಲ್ಲ ತನಿ ಎಂದರೆ ಕಾಫಿಯೇ. "ನಾನು ಕೈ ಎತ್ತಿದರೆ ಜನ ಕಾಲು ಎತ್ತುತ್ತಾರೆ" ಎಂದು ನಮ್ಮನೆಯವರೇ ನಗುತ್ತಿದ್ದರು.

ಹುರುಳಿಕಾಯಿ ಚೆನ್ನಾಗಿತ್ತು. ಒಬ್ಬಳಿಗೆ ಅಷ್ಟೊಂದು ಏನು ಮಾಡಲಿ, ಅರ್ಧ ದೀಪ್ತಿಗೆ ಕೊಟ್ಟೆ.

ಬುಧವಾರ, ಏಪ್ರಿಲ್ 16, ರಾಮನವಮಿ

ಮೊದಲ ದಿನ ಮುಗಿಯಿತು. ಪಾನಕಕ್ಕೆ ಬೆಲ್ಲ ಕಡಿಮೆ, ಕೋಸಂಬರಿಗೆ ಉಪ್ಪು ಜಾಸ್ತಿ. ಜನ ಪರವಾಗಿಲ್ಲ.

ಜಮಖಾನದ ಮೇಲೆ ಮಕ್ಕಳು ಕೂತ ಚಂದ ನೋಡಬೇಕಿತ್ತು. ಒಬ್ಬ ದೀಪದ ಸರ ಎಣಿಸುತ್ತಿದ್ದ, ಇನ್ನೊಬ್ಬಳು ಮುಂದಿನವಳ ಜಡೆ ಬಿಚ್ಚಿ ಹೆಣೆಯುತ್ತಿದ್ದಳು. ಸದ್ದು ಮಾತ್ರ ಇರಲಿಲ್ಲ, ಅಷ್ಟು ಸಾಕು. ಸುಬ್ಬಮ್ಮ ರೇಷ್ಮೆ ಸೀರೆ ಉಟ್ಟು ಬಂದಿದ್ದರು. ಕುರ್ಚಿ ಕೊಟ್ಟರೆ ಬೇಡವೆಂದು ಜಮಖಾನದ ತುದಿಯಲ್ಲೇ ಮುದುಡಿ ಕೂತರು.

ಹಾಡುವವರು ಕೀರ್ತನೆಯ ಕೊನೆಗೆ ಬರುತ್ತಿದ್ದ ಹಾಗೆ, ಇನ್ನು ತನಿ ಎಂದು ತಿಳಿದು, ಎದ್ದು ಕೌಂಟರಿಗೆ ಹೋದೆ. ಪೆಂಡಾಲಿನ ಹಿಂದಿನ ಅಡುಗೆ ಶೆಡ್ಡಿನಲ್ಲಿ ಒಲೆಗಳ ಸದ್ದು ಜೋರಾಗಿರುತ್ತದೆ, ಬೇರೇನೂ ಕೇಳಿಸುವುದಿಲ್ಲ. ಶೀನಣ್ಣ ಮುಂದೆ, ಮಿಕ್ಕವರು ಅವರ ಹಿಂದೆ, ಅರ್ಧ ಪೆಂಡಾಲೇ ಬಂತು. ಮಕ್ಕಳೂ ಓಡಿ ಬಂದರು. ಬರದಿದ್ದವಳು ಮಂಡಿಯವರ ಮಗಳು ಒಬ್ಬಳೇ. ತನಿ ಮುಗಿದು ಎಲ್ಲರೂ ಒಳಗೆ ಹೋದ ಮೇಲೆ ಬಂದಳು. ಬೋಂಡಾ ಖಾಲಿ.

"ಕರೆದಾಗ ಬರ್ಬೇಕಪ್ಪ" ಎಂದೆ.

ಅವಳಿಗೆ ಬೋಂಡಾದ ಯೋಚನೆಯೇ ಇರಲಿಲ್ಲ. "ಅಜ್ಜಿ, ಮಡಕೆ ಬಾರಿಸ್ತಿದ್ರಲ್ಲ, ಅವರು ಅಷ್ಟು ಹೊತ್ತಿಂದ ಸುಮ್ನೆ ಕೂತಿದ್ರು. ಅವರ ಸರದಿ ಬಂದ ತಕ್ಷಣ ಎಲ್ಲರೂ ಯಾಕೆ ಎದ್ದು ಬಂದ್ಬಿಟ್ರಿ? ಅವರಿಗೆ ಬೇಜಾರಾಗಲ್ವಾ?"

ಅಷ್ಟರಲ್ಲಿ ಅಡುಗೆ ಭಟ್ಟರು ಕರೆದರು, ಹೋದೆ. ಕರೆದರೋ ಇಲ್ಲವೋ, ನನಗೆ ಕರೆದ ಹಾಗಾಯಿತು.

ಶುಕ್ರವಾರ, ಏಪ್ರಿಲ್ 18

ಹಾಲು ಒಡೆದಿತ್ತು. ತಲೆನೋವು. ಪೆಂಡಾಲಿಗೆ ಹೋಗಿ ಬಂದೆ. ಬರೆಯುವಂಥದ್ದೇನಿಲ್ಲ.

ನಮ್ಮನೆಯವರಿಗೂ ಬೇಜಾರಾಗುತ್ತಿತ್ತೇ? ಅವರು ಯಾವತ್ತೂ ಹೇಳಲಿಲ್ಲ. ನಗುತ್ತಿದ್ದರು.

ಭಾನುವಾರ, ಏಪ್ರಿಲ್ 20

ಆಗಬಾರದ್ದು ಆಯಿತು.

ತನಿಯ ಹೊತ್ತಿಗೆ ನಾನು ಎಂದಿನಂತೆ ಕೌಂಟರಿನಲ್ಲಿದ್ದೆ. ಮಕ್ಕಳೆಲ್ಲ ಬೋಂಡಾಕ್ಕೆ ಬಂದಿದ್ದರು, ಯಶಶ್ರೀ ಬಂದಿರಲಿಲ್ಲ. (ಮಂಡಿಯವರ ಹುಡುಗಿಯ ಹೆಸರು ಯಶಶ್ರೀ.) ಒಳಗೆ ಕಶ್ಯಪ್ ಬಿಟ್ಟುಹೋಗಿದ್ದ ಖಾಲಿ ಸ್ಟೀಲ್ ಡಬ್ಬಿ ಅವಳ ಕೈಗೆ ಸಿಕ್ಕಿದೆ. ಘಟದವರು ಬಾರಿಸಿದ ಹಾಗೇ ಅವಳೂ ಡಬ್ಬಿಯ ಮೇಲೆ ಬಾರಿಸಿದ್ದಾಳೆ. ಸ್ಟೀಲಿನ ಸದ್ದು ಕೇಳಬೇಕೆ, ಶೀನಣ್ಣ ಕಾಫಿಗೆಂದು ಎದ್ದು ಇನ್ನೂ ಸಾಲಿನ ಕೊನೆಯಲ್ಲಿದ್ದರಂತೆ. ಅಲ್ಲೇ ನಿಂತರಂತೆ.

ಕೌಂಟರಿಗೆ ಬಂದವರು ಕಾಫಿ ಮುಟ್ಟಲಿಲ್ಲ. "ಚೂಡಾಮಣಿ, ಜಮಖಾನ ಸುತ್ತಿಸಮ್ಮ" ಎಂದರು, ಅಷ್ಟೇ. ಬೈದಿದ್ದರೆ ಒಳ್ಳೆಯದಿತ್ತು.

ಪಂಚಾಕ್ಷರಯ್ಯ ನನ್ನ ಕಡೆ ತಿರುಗಿದರು. "ನೀವೆಲ್ಲಿದ್ರಿ ಮೇಡಂ? ಮಕ್ಕಳ ಜೊತೆ ನೀವಿರ್ಬೇಕಿತ್ತಲ್ಲ."

"ಕಾಫಿ ಯಾರು ನೋಡ್ಕೋತಾರೆ?" ಎಂದೆ.

"ಭಟ್ಟರು ನೋಡ್ಕೋತಾರೆ. ನೀವು ಬರೋಕ್ಕಿಂತ ಮುಂಚೆನೂ ಅವರೇ ತಾನೇ ನೋಡ್ಕೋತಿದ್ದಿದ್ದು."

ಭಟ್ಟರು ತಲೆ ಎತ್ತದೆ ಬೋಂಡಾ ತಿರುವಿ ಹಾಕಿದರು. ನಾನು ಕೌಂಟರಿಗೆ ಬರುವುದು ಯಾಕೆಂದು ಎಲ್ಲರಿಗೂ ಮೊದಲಿನಿಂದ ಗೊತ್ತಿದ್ದ ಹಾಗಿತ್ತು. ನನಗೆ ಸಿಟ್ಟು ಬಂತು. ಹೌದು, ಹೋದ ವರ್ಷ ಆ ಕೌಂಟರ್ ಕೇಳಿ ತೆಗೆದುಕೊಂಡವಳು ನಾನೇ. ನಮ್ಮನೆಯವರ ತನಿಗೆ ಈ ಪೆಂಡಾಲಿನಲ್ಲಿ ಏಳದೆ ಕೂರುತ್ತಿದ್ದವಳು ನಾನೊಬ್ಬಳೇ ಇರಬೇಕು. ಈಗ ಅದೇ ಜಾಗದಲ್ಲಿ ಬೇರೆ ಯಾರೋ ಘಟ ಹಿಡಿದು ಕೂತರೆ ನನ್ನ ಕೈಲಾಗುವುದಿಲ್ಲ. ಇದನ್ನು ಇವರಿಗೆಲ್ಲ ಬಿಡಿಸಿ ಹೇಳಬೇಕೇ?

ಪಂಚಾಕ್ಷರಯ್ಯ ಶೀನಣ್ಣನವರ ಹಿಂದೆಯೇ ಗೇಟಿನ ತನಕ ಹೋಗಿ ಏನೇನೋ ಗೋಗರೆದು ಬಂದರು. ಕೊನೆಗೆ ಒಂದು ಅವಕಾಶ ಸಿಕ್ಕಿದೆ. ಬರುವ ಭಾನುವಾರ ದೊಡ್ಡ ಕಚೇರಿ. ಅವತ್ತು ಒಂದು ದಿನ ಜಮಖಾನ ಹಾಸಬಹುದು. ಮೊದಲಿಂದ ಕೊನೆಯತನಕ ನಾನು ಅದರ ಮೇಲೆ ಮಕ್ಕಳ ಜೊತೆ ಕೂರಬೇಕು. ಅವತ್ತು ಸರಿಹೋದರೆ ಸರಿ, ಇಲ್ಲವಾದರೆ ಇಲ್ಲ.

"ತನಿಗೂನಾ?" ಎಂದೆ.

ಪಂಚಾಕ್ಷರಯ್ಯ ನನ್ನ ಮುಖ ನೋಡಲಿಲ್ಲ. "ತನಿಗೂ ಮೇಡಂ."

ಆಗುವುದಿಲ್ಲ ಎಂದು ನಾಳೆ ಹೇಳಿಬಿಡುತ್ತೇನೆ. ಹೋಗಲಿ, ಜಮಖಾನ ಸುತ್ತಲಿ.

ಸೋಮವಾರ, ಏಪ್ರಿಲ್ 21

ಹೇಳಲು ಹೊರಟಿದ್ದೆ. ಚಪ್ಪಲಿ ಮೆಟ್ಟುವಷ್ಟರಲ್ಲಿ ವೇಣುಗೋಪಾಲ್, ಸುಬ್ಬಮ್ಮ, ಯಶಶ್ರೀ ಬಂದರು. ತಪ್ಪಾಯಿತೆಂದು ಹೇಳಲು ಬಂದಿದ್ದರು. ಹುಡುಗಿಯ ಕಣ್ಣು ಊದಿಕೊಂಡಿತ್ತು. ಬೆನ್ನ ಮೇಲೆ ಎರಡು ಬಿದ್ದಿರಬೇಕು.

"ಇನ್ಮೇಲೆ ಕಳಿಸಲ್ಲ ಮೇಡಂ. ನಿಮ್ಮ ಹೆಸರು ಕೆಡೋದು ಬೇಡ. ಅದು ನಮ್ಮಂಥೋರಿಗಲ್ಲ ಬಿಡಿ" ಎಂದರು ವೇಣುಗೋಪಾಲ್.

ಆ ಮಾತು ಕೇಳಿದ್ದೇ ನನಗೆ ಎಲ್ಲಿತ್ತೋ ಕೋಪ. "ಯಾರ್ರೀ ಹೇಳಿದ್ದು ನಿಮಗಲ್ಲ ಅಂತ? ಒಂದು ಡಬ್ಬಿ ಸದ್ದಿಗೆ ಬಿಟ್ಟು ಓಡಿಹೋಗ್ತೀರಾ? ಕೂತ್ಕೊಳ್ಳಿ ಸುಮ್ನೆ" ಎಂದು ಶಾಲೆಯ ದನಿಯಲ್ಲೇ ಗದರಿಬಿಟ್ಟೆ. ಮೂವರೂ ಕೂತರು. ನಾನೂ ಚಪ್ಪಲಿ ಬಿಟ್ಟು ಕೂತೆ.

ಸುಬ್ಬಮ್ಮ ಮೊಮ್ಮಗಳ ತಲೆ ಸವರುತ್ತಾ ಹೇಳಿದರು. "ಬೇಕೂಂತ ಮಾಡಿಲ್ಲ ಕಣಮ್ಮ. ಇವ್ರ ತಾತ ಮರಿಯಣ್ಣ ಶನಿವಾರ ಶನಿವಾರ ಭಜನೆ ಮಾಡೋರು, ದಮ್ಮಡಿ ಹೊಡ್ಕಂಡು. ಈ ಮಗ ಅವ್ರ ತೊಡೆ ಮ್ಯಾಲೇ ಮಲಗಿರದು. ಸದ್ದು ಕೇಳುದ್ರೆ ಸಾಕು, ಇದ್ರ ಕೈ ಸುಮ್ಕಿರಾಕಿಲ್ಲ."

ದಮ್ಮಡಿ ಕೇಳಿ ಬೆಳೆದ ಮಗುವಿಗೆ ನಾನು ಆರೋಹಣ ಅವರೋಹಣ ಹೇಳಿಕೊಟ್ಟಿದ್ದೆ. ಅವಳು ತಾನೇ ದಾರಿ ಹುಡುಕಿಕೊಂಡು ಬಂದದ್ದು ತನಿಗೆ. ಎಲ್ಲ ಮಕ್ಕಳನ್ನೂ ಸರಿಯಾಗಿ ಆ ಹೊತ್ತಿಗೇ ಎಬ್ಬಿಸಿ ಬೋಂಡಾಕ್ಕೆ ಕರೆದವಳು ನಾನು. ಎಷ್ಟು ಓದಿದರೇನು, ದಡ್ಡಿ.

"ಕೈ ಸುಮ್ಮನಿರೋದು ಬೇಡ" ಎಂದೆ. "ಸದ್ದು ಬರ್ಬಾರ್ದು, ಅಷ್ಟೇ."

ಯಶಶ್ರೀ ಮೊದಲ ಸಲ ತಲೆ ಎತ್ತಿದಳು. ತೊಡೆಯ ಮೇಲೆ ಸದ್ದಿಲ್ಲದೆ ತಾಳ ಹಾಕುವುದು ಹೇಗೆಂದು ತೋರಿಸಿದೆ. ಒಂದು ತಟ್ಟು, ಕಿರುಬೆರಳಿನಿಂದ ಮೂರು ಬೆರಳು. ಆಮೇಲೆ ತಟ್ಟಿ ಅಂಗೈ ತಿರುವು, ತಟ್ಟಿ ತಿರುವು. ಮದುವೆಯಾದ ಹೊಸದರಲ್ಲಿ ಅವರು ನನಗೆ ಹೇಳಿಕೊಟ್ಟಿದ್ದೂ ಹೀಗೇ, ಇದೇ ನಡುಮನೆಯಲ್ಲಿ. ಅತ್ತೆಯವರಿಗೆ ಕೇಳಿಸದ ಹಾಗೆ.

ಪಂಚಾಕ್ಷರಯ್ಯನವರ ಮನೆಗೆ ಹೋಗುವುದು ಆಗಲೇ ಇಲ್ಲ.

ಬುಧವಾರ, ಏಪ್ರಿಲ್ 23

ಏಣಿ ತಂದು ಘಟ ಇಳಿಸಿದೆ. ಮೊನ್ನೆ ಯಶಶ್ರೀ "ಮಡಕೆ ಒಡೆಯಲ್ವಾ ಅಜ್ಜಿ" ಎಂದು ಕೇಳಿದ್ದಳು. ಬಾಯಲ್ಲಿ ಹೇಳುವುದಕ್ಕಿಂತ ತೋರಿಸುವುದೇ ಸುಲಭ. ಏಣಿ ಹಿಡಿದುಕೊಂಡಿದ್ದ ದೀಪ್ತಿ, "ಜೋಪಾನ ಆಂಟಿ, ಜೋಪಾನ ಆಂಟಿ" ಎಂದು ಕೂಗಿ ಇಡೀ ಬೀದಿಗೆ ಸುದ್ದಿ ಮಾಡಿದಳು.

ನನ್ನ ಹಳೇ ಸೀರೆ ಸುತ್ತಿ ಇಟ್ಟಿದ್ದೆ. ಸುತ್ತು ಬಿಚ್ಚಿದಾಗ ಅವರು ಹಚ್ಚಿಕೊಳ್ಳುತ್ತಿದ್ದ ಪೌಡರಿನ ವಾಸನೆ ಬಂತು. ಸ್ವಲ್ಪ ಹೊತ್ತು ಅಡುಗೆಮನೆಗೆ ಹೋಗಿ ನಿಂತಿದ್ದೆ.

ಬಟ್ಟೆಯ ಸಿಂಬೆ ಮಾಡಿ ಮೇಲೆ ಕೂರಿಸಿದೆ. ಮಕ್ಕಳು ಒಬ್ಬೊಬ್ಬರಾಗಿ ಬಂದು ಅದರ ಹೊಟ್ಟೆಯ ಮೇಲೆ ಕೈಯಿಟ್ಟರು. ಘಟದ ಬಾಯನ್ನು ಹೊಟ್ಟೆಗೆ ಒತ್ತಿ ಹಿಡಿದರೆ ಸದ್ದು ಒಳಕ್ಕೆ ಹೋಗುತ್ತದೆ, ಬಿಟ್ಟರೆ ಹೊರಕ್ಕೆ ಬರುತ್ತದೆ. ನನಗೆ ಬರುವುದು ಅಷ್ಟೇ, ಅಷ್ಟನ್ನೇ ತೋರಿಸಿದೆ. ಕಶ್ಯಪ್‌ಗೆ ಫ್ಯಾನು ಮರೆತುಹೋಯಿತು. "ಇನ್ನೊಂದ್ಸಲ, ಇನ್ನೊಂದ್ಸಲ" ಎಂದು ಪ್ರಾಣ ತಿಂದ. ಆಮೇಲೆ ಎಲ್ಲರೂ ಕೂತು ತಾಳ ಅಭ್ಯಾಸ ಮಾಡಿದರು. ಕಶ್ಯಪ್ ಉಂಗುರದ ಬೆರಳಿಗೆ ಬಂದಾಗಲೆಲ್ಲ ತಪ್ಪುತ್ತಾನೆ. ದೀಪ್ತಿ ಚಿವುಟಲು ಹೋದಳು. "ಅವನನ್ನ ಬಿಡು, ನೀನು ಹಾಕು ನೋಡೋಣ" ಎಂದೆ. ಅವಳೂ ಅಲ್ಲೇ ತಪ್ಪಿದಳು. ಮಗನಿಗೆ ಆದ ಸಂತೋಷ ಹೇಳತೀರದು. ಮನೆಗೆ ಹೋಗಿ ಅಮ್ಮನಿಗೆ ತಾನೇ ಹೇಳಿಕೊಡುತ್ತಾನಂತೆ.

ಸುಬ್ಬಮ್ಮ ಘಟವನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ, "ಯಾರು ಬಾರಿಸ್ತಿದ್ರು ಅಮ್ಮಾ?" ಎಂದರು.

"ನಮ್ಮನೆಯವರು."

ಎಲ್ಲರೂ ಹೋದ ಮೇಲೂ ಅವರು ಕೂತಿದ್ದರು. ಮರಿಯಣ್ಣನವರ ದಮ್ಮಡಿಯ ಚರ್ಮ ಮಳೆಗಾಲದಲ್ಲಿ ಸಡಿಲವಾಗುತ್ತಿತ್ತಂತೆ, ಒಲೆಯ ಮುಂದೆ ಹಿಡಿದು ಬಿಗಿ ಮಾಡಿಕೊಡುವುದು ಸುಬ್ಬಮ್ಮನ ಕೆಲಸವಂತೆ. ನಾನು ನಮ್ಮನೆಯವರ ಕಚೇರಿಯ ಜುಬ್ಬಾಗಳ ಕಥೆ ಹೇಳಿದೆ. ಹೊಟ್ಟೆಯ ಹತ್ತಿರದ ಗುಂಡಿ ಮಾತ್ರ ಕಿತ್ತುಬರುತ್ತಿತ್ತು, ಹೊಲಿದು ಹೊಲಿದು ನನಗೆ ಸಾಕಾಗಿತ್ತು. ಇಬ್ಬರೂ ನಕ್ಕೆವು. ಇನ್ನೂ ಏನೇನು ಮಾತಾಡಿದೆವೋ, ನೆನಪಿಲ್ಲ. ದೀಪ ಹಚ್ಚುವುದೇ ತಡವಾಯಿತು.

ಶುಕ್ರವಾರ, ಏಪ್ರಿಲ್ 25

ಕಶ್ಯಪ್ ಊಟದ ತಟ್ಟೆಯ ಮೇಲೆ ತಾಳ ಹಾಕಿ ಸಾರೆಲ್ಲ ಚೆಲ್ಲಿದನೆಂದು ದೀಪ್ತಿಯ ದೂರು. ದೂರಿನ ದನಿಯಾಗಿರಲಿಲ್ಲ. ಟೀವಿಯ ವಿಷಯ ಅವಳೂ ಎತ್ತಲಿಲ್ಲ, ನಾನೂ ಕೇಳಲಿಲ್ಲ.

ಭಟ್ಟರಿಗೆ ಹೇಳಿ ಬಂದೆ, ಭಾನುವಾರ ಮಕ್ಕಳ ಬೋಂಡಾ ಕಚೇರಿ ಮುಗಿದ ಮೇಲೆ. "ಆರೋಗತ್ತಲ್ಲ ಅಮ್ಮ" ಎಂದರು. ಆರಲಿ ಎಂದೆ.

ಭಯವಾಗುತ್ತಿದೆ. ಮಕ್ಕಳು ಗಲಾಟೆ ಮಾಡುತ್ತಾರೆಂದಲ್ಲ.

ಭಾನುವಾರ, ಏಪ್ರಿಲ್ 27

ಮಲಗುವ ಮುಂಚೆ ಎಲ್ಲವನ್ನೂ ಬರೆದಿಡಬೇಕು.

ಪೆಂಡಾಲು ಕಿಕ್ಕಿರಿದಿತ್ತು. ಶೀನಣ್ಣ ತಮ್ಮ ಕುರ್ಚಿಯಲ್ಲಿ, ಎರಡು ಕೈಯನ್ನೂ ಕೋಲಿನ ಹಿಡಿಯ ಮೇಲೆ ಇಟ್ಟುಕೊಂಡು ಕೂತಿದ್ದರು. ಅವರ ಕಾಲ ಬುಡದಲ್ಲೇ ನಮ್ಮ ಜಮಖಾನ. ವೇಣುಗೋಪಾಲ್ ಮಂಡಿಗೆ ಬೇಗ ಬೀಗ ಹಾಕಿ, ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಬಂದಿದ್ದರು. ದೀಪ್ತಿ, ಕಶ್ಯಪ್, ಸುಬ್ಬಮ್ಮ, ಮಿಕ್ಕ ಮನೆಯವರು ಎಲ್ಲರೂ ಬಂದಿದ್ದರು. ಯಶು ನನ್ನ ಪಕ್ಕಕ್ಕೇ ಅಂಟಿ ಕೂತಳು.

ಆಲಾಪನೆಯ ಉದ್ದಕ್ಕೂ ಮಕ್ಕಳು ಒದ್ದಾಡಿದರು, ನಿಜ. ಆದರೆ ಕೀರ್ತನೆ ಶುರುವಾದದ್ದೇ ತಡ, ಜಮಖಾನದ ಮೇಲಿನ ಪುಟ್ಟ ಕೈಗಳೆಲ್ಲ ತೊಡೆಯ ಮೇಲೆ ಒಟ್ಟಿಗೆ ತಟ್ಟಿ, ಒಟ್ಟಿಗೆ ತಿರುಗಿದವು. ಕಶ್ಯಪ್ ಉಂಗುರದ ಬೆರಳಿಗೆ ಬಂದಾಗ ಯಶು ಕಡೆ ನೋಡಿಕೊಂಡು ದಾಟುತ್ತಿದ್ದ. ಪಿಟ್ಟೆನ್ನುವ ಸದ್ದಿಲ್ಲ. ಪಂಚಾಕ್ಷರಯ್ಯ ಕಂಬದ ಪಕ್ಕ ನಿಂತು ಮೇಲೆ ನೋಡಿ ಕೈಮುಗಿಯುತ್ತಿದ್ದರು.

ಆಮೇಲೆ ತನಿ ಬಂತು. ಹಾಡುವವರು ಹಿಂದಕ್ಕೆ ಸರಿದು ತಾಳ ಹಿಡಿದರು, ಮೃದಂಗ ಶುರುವಾಯಿತು. ಹಿಂದೆ ಕುರ್ಚಿಗಳು ಸರಿದ ಸದ್ದು. ಆ ಸದ್ದು ಕೇಳಿದ್ದೇ ನನ್ನ ಕಾಲು ತಾನಾಗಿ ಎದ್ದಿತು. ಶೆಡ್ಡಿನ ಒಲೆಗಳ ಹತ್ತಿರ ಹೋಗಿಬಿಟ್ಟರೆ ಸಾಕು ಎನ್ನಿಸಿತು. ಅರ್ಧ ಎದ್ದೂಬಿಟ್ಟಿದ್ದೆ. ಯಶು ನನ್ನ ಸೆರಗು ಹಿಡಿದು ಎಳೆದಳು.

"ಅಜ್ಜಿ, ಈಗ ಮಡಕೆ ಬರತ್ತೆ" ಎಂದಳು ಪಿಸುಮಾತಿನಲ್ಲಿ.

ಕೂತೆ. ಘಟ ಬಂತು. ಬಾರಿಸುತ್ತಿದ್ದವರು ಚಿಕ್ಕ ವಯಸ್ಸಿನವರು. ನಮ್ಮನೆಯವರ ಹಾಗಿರಲಿಲ್ಲ, ಬೇರೆಯೇ ಕೈ. ಆದರೆ ಮಣ್ಣಿನ ಸದ್ದು ಅದೇ. ಕಣ್ಣು ಮುಚ್ಚಿಕೊಂಡೆ. ಸ್ವಲ್ಪ ಹೊತ್ತಿನ ಮೇಲೆ ನೋಡಿಕೊಂಡರೆ ನನ್ನ ಕೈಯೂ ತೊಡೆಯ ಮೇಲೆ ತಾಳ ಹಾಕುತ್ತಿತ್ತು.

ಅಷ್ಟರಲ್ಲಿ ಶೀನಣ್ಣ ಎದ್ದರು. ಎಂದಿನ ಹಾಗೆ, ಕಾಫಿಗೆ. ಅವರ ಹಿಂದೆ ಎರಡನೆಯ ಸಾಲು, ಮೂರನೆಯ ಸಾಲು ಏಳತೊಡಗಿದವು. ಅವರ ಕೋಲು ಜಮಖಾನದ ಅಂಚಿಗೆ ತಗಲಿತು. ಯಶು ತಲೆ ಎತ್ತಿ ನೋಡಿದಳು. ತಾಳ ಹಾಕುತ್ತಿದ್ದ ಕೈಯನ್ನು ನಿಲ್ಲಿಸದೆ, ಎಲ್ಲರಿಗೂ ಕೇಳಿಸುವ ಹಾಗೆ ಹೇಳಿಬಿಟ್ಟಳು:

"ತಾತಾ, ಕೂತ್ಕೊಳ್ಳಿ. ಇನ್ನೂ ಮುಗಿದಿಲ್ಲ."

ಮುಗಿಯಿತು, ಜಮಖಾನ ಸುತ್ತಿದ ಹಾಗೇ ಎಂದುಕೊಂಡೆ. ವೇಣುಗೋಪಾಲ್ ಮುಖ ಬಿಳಿಚಿಕೊಂಡಿತು. ಸುಬ್ಬಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಹಿಂದೆ ಯಾರೋ ಕಿಸಕ್ಕೆಂದು ನಕ್ಕು ಸುಮ್ಮನಾದರು.

ಶೀನಣ್ಣ ಯಶುವನ್ನು ನೋಡಿದರು. ಆಮೇಲೆ ವೇದಿಕೆಯ ಕಡೆ ನೋಡಿದರು. ಘಟದವರು ತಲೆ ತಗ್ಗಿಸಿಕೊಂಡು ಬಾರಿಸುತ್ತಲೇ ಇದ್ದರು, ಜನ ಏಳುವುದನ್ನು ನೋಡಬಾರದೆಂದೇ ತಗ್ಗಿಸಿದ್ದರೋ ಏನೋ. ನಮ್ಮನೆಯವರೂ ಹಾಗೇ ತಗ್ಗಿಸಿಕೊಳ್ಳುತ್ತಿದ್ದರು. ಅದು ಯಾಕೆಂದು ನನಗೆ ಇವತ್ತು ಹೊಳೆಯಿತು.

ಶೀನಣ್ಣ ಕೋಲು ಊರಿ, ಮೆಲ್ಲಗೆ, ಮತ್ತೆ ಕುರ್ಚಿಯಲ್ಲಿ ಕೂತರು.

ಅವರು ಕೂತ ಮೇಲೆ ನಿಲ್ಲುವವರು ಯಾರು? ಎರಡನೆಯ ಸಾಲು ಕೂತಿತು, ಮೂರನೆಯದು ಕೂತಿತು. ಬಾಗಿಲ ತನಕ ಹೋಗಿದ್ದವರು ಅಲ್ಲೇ ನಿಂತು ತಿರುಗಿ ನೋಡಿದರು. ಘಟದವರು ತಲೆ ಎತ್ತಿದರು. ತುಂಬಿದ ಪೆಂಡಾಲು ಕಂಡಾಗ ಅವರ ಮುಖ ಹೇಗಾಯಿತೆಂದು ಬರೆಯಲು ನನಗೆ ಬರುವುದಿಲ್ಲ. ಆಮೇಲೆ ಬಾರಿಸಿದರು ನೋಡಿ! ನನಗೆ ಅಳು ತಡೆಯಲಾಗಲಿಲ್ಲ. ಅತ್ತೆ. ತಾಳ ಬಿಡಲಿಲ್ಲ.

ಕಚೇರಿ ಮುಗಿದು ಮಕ್ಕಳನ್ನೆಲ್ಲ ಶೆಡ್ಡಿಗೆ ಕರೆದುಕೊಂಡು ಹೋದಾಗ ಭಟ್ಟರು ಆರಿದ ಬೋಂಡಾಗಳ ತಟ್ಟೆಯ ಮುಂದೆ ಮುಖ ಗಂಟುಹಾಕಿ ಕೂತಿದ್ದರು. ಒಬ್ಬರೂ ಬರಲಿಲ್ಲವಂತೆ. ಶೀನಣ್ಣ ಕೋಲು ಊರಿಕೊಂಡು ಬಂದರು. ಎಲ್ಲರೂ ದಾರಿ ಬಿಟ್ಟರು.

ನನ್ನ ಮುಂದೆ ನಿಂತು, "ಸಂಕರ್ಷಣನ ತನಿ ನಾನು ಒಂದು ಸಲಾನೂ ಪೂರ್ತಿ ಕೇಳ್ಲಿಲ್ಲ ಕಣಮ್ಮ" ಎಂದರು.

ಒಂದು ಎಲೆಯಲ್ಲಿ ಆರಿದ ಬೋಂಡಾ ಹಾಕಿ ಕೊಟ್ಟೆ. ನಿಂತಲ್ಲೇ ತಿಂದರು. ತಿಂದು ಯಶು ಕಡೆ ತಿರುಗಿದರು. "ನಾಳೇನೂ ಬರ್ತೀಯಾ?"

"ಬರ್ತೀನಿ. ನೀವು ಏಳ್ಬಾರ್ದು."

"ಆಯ್ತಮ್ಮ" ಎಂದರು ಶೀನಣ್ಣ.

ಸೋಮವಾರ, ಏಪ್ರಿಲ್ 28

ಘಟವನ್ನು ಸೀರೆ ಸುತ್ತಿ ಅಟ್ಟಕ್ಕೆ ಏರಿಸಬೇಕೆಂದು ಏಣಿ ತಂದಿಟ್ಟುಕೊಂಡಿದ್ದೆ. ನಾಳೆ ಮಕ್ಕಳು ಮತ್ತೆ ಬರುತ್ತಾರೆ, ಹತ್ತಿಸುವುದು ಇಳಿಸುವುದು ಯಾರಿಗೆ ಬೇಕು. ಸಿಂಬೆಯ ಮೇಲೆ ಇಲ್ಲೇ ಇರಲಿ. ಏಣಿಯನ್ನು ವಾಪಸ್ಸು ಇಡಬೇಕು.

ಪಂಚಾಕ್ಷರಯ್ಯನವರಿಗೆ ಇನ್ನೊಂದು ಜಮಖಾನ ಬೇಕಂತೆ, ಇವತ್ತು ಹೊಸದಾಗಿ ಮೂರು ಮನೆಯವರು ಕೇಳಿದ್ದಾರಂತೆ. ನಮ್ಮ ಮದುವೆಯದು ಪೆಟ್ಟಿಗೆಯಲ್ಲಿದೆ, ಒಂದು ಮೂಲೆ ಇಲಿ ಕಡಿದಿದೆ, ಪರವಾಗಿಲ್ಲ. ಯಾವ ಮಕ್ಕಳನ್ನು ಎಲ್ಲಿ ಕೂರಿಸಬೇಕೆಂದು ಯೋಚಿಸಿ ಬರೆದಿಡೋಣವೆಂದು ಕೂತರೆ ಯಶು ಗೇಟು ಹಿಡಿದು ಜಗ್ಗುತ್ತಾ ಕೂಗುತ್ತಿದ್ದಾಳೆ. ಆರು ಗಂಟೆ ಹೊಡೆದು ಎಷ್ಟೋ ಹೊತ್ತಾಯಿತಂತೆ.

ನನಗೆ ಕೇಳಿಸಲೇ ಇಲ್ಲ.